ಬಾಡಿ ಬಿಚ್ಚಿದ್ರೆ ಓಡುತ್ತೆ, ಹಾಕಿದ್ರೆ ಹೊಗೆ: ಹಳೇ ಎಚ್‌ಒ ಡೀಸೆಲ್‌ಗೆ ಡಿಕೋಡರ್ ಹಾಕೋಕೆ ಸಹಾಯ ಬೇಕು

ಹಳಿಮನೆ_ಹಾಸನ · ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮಾಡೆಲ್ ರೈಲಿಗೆ ಹಾಕಿದ ಡಿಕೋಡರ್ ಸುಟ್ಟು ಎರಡೂವರೆ ಸಾವಿರ ರೂಪಾಯಿ ಕಣ್ಣೆದುರೇ ಹೊಗೆ ಆಯ್ತು, ಅದಕ್ಕೇ ಬರೀತಿದ್ದೀನಿ.

ಎಂಜಿನ್ನು ಹಳೇ ಅಮೆರಿಕನ್ ಮಾದರಿಯ ಆರು ಆಕ್ಸಲ್ ಡೀಸೆಲ್, ಎಚ್‌ಒ ಸ್ಕೇಲು (ಅಸಲಿಯ 87ನೇ ಒಂದು ಭಾಗದ ಗಾತ್ರ), ಸೆಕೆಂಡ್ ಹ್ಯಾಂಡ್. ನಾನೇ ಬಣ್ಣ ಬಳಿದು ಡಬ್ಲ್ಯುಡಿಜಿ-4 (ನಮ್ಮ ರೈಲ್ವೆಯ ಗೂಡ್ಸ್ ಡೀಸೆಲ್) ಅಂತ ಹೆಸರಿಟ್ಕೊಂಡಿದ್ದೀನಿ, ಗೊತ್ತಿರೋರು ನೋಡಿದ್ರೆ ನಗ್ತಾರೆ. ಮಹಡಿ ಮೇಲಿನ ಶೀಟ್ ರೂಮಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಒಂದು ತುಂಡು ಕಟ್ತಿದ್ದೀನಿ. ಅಸಲಿ ಘಾಟೀಲಿ 55 ಕಿ.ಮೀ.ಗೆ 57 ಸುರಂಗ. ನನ್ನದ್ರಲ್ಲಿ ಮೂರೇ, ಅದ್ರಲ್ಲೊಂದು ಮಿಕ್ಸಿ ಬಂದಿದ್ದ ಥರ್ಮೋಕೋಲ್ ಡಬ್ಬ. ಏರು ಮಾತ್ರ ಅಲ್ಲಿದ್ದ ಹಾಗೇ, 50ಕ್ಕೆ 1. ಅಂದ್ರೆ ಅರ್ಧ ಮೀಟರ್ ಹಳಿಗೆ ಒಂದು ಸೆಂಟಿಮೀಟರ್.

ಘಾಟಿ ಅಂದ್ಮೇಲೆ ಗೂಡ್ಸ್ ಹಿಂದೆ ಬ್ಯಾಂಕರ್ ಎಂಜಿನ್ ಇರ್ಲೇಬೇಕಲ್ಲ. ಮುಂದಿನದು ಎಳೀಬೇಕು, ಹಿಂದಿನದು ತಳ್ಳಬೇಕು, ಮೇಲೆ ಹೋದ್ಮೇಲೆ ಹಿಂದಿನದು ಕಳಚಿಕೊಂಡು ಒಂದೇ ವಾಪಸ್ ಇಳೀಬೇಕು. ಮಾಮೂಲಿ ಡಿಸಿ ಕಂಟ್ರೋಲರ್‌ನಲ್ಲಿ ಹಳಿ ಮೇಲಿರೋ ಎಂಜಿನ್ನೆಲ್ಲಾ ಒಟ್ಟಿಗೇ ಓಡ್ತವೆ, ಒಟ್ಟಿಗೇ ನಿಲ್ತವೆ. ಹಂಗಾಗಿ ಡಿಸಿಸಿಗೆ ಬಂದೆ. ಇದ್ರಲ್ಲಿ ಹಳಿ ಮೂಲಕವೇ ಒಂದೊಂದು ಎಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆದೇಶ ಹೋಗುತ್ತೆ, ಅದನ್ನ ಓದಿ ಮೋಟಾರು ಓಡಿಸೋ ಪುಟ್ಟ ಬೋರ್ಡೇ ಡಿಕೋಡರ್. (ಮನೆಯವರು "ಡಿಸಿಸಿ ಬ್ಯಾಂಕಲ್ಲಿ ಎಷ್ಟು ಸಾಲ ಮಾಡಿದ್ರಿ?" ಅಂತ ಕೇಳಿದ್ರು. ಬ್ಯಾಂಕರ್ ಅಂತ ಬೇರೆ ಅಂದಿದ್ದೆ ಫೋನಲ್ಲಿ.)

ವೈರಿಂಗು ಕೈಪಿಡಿ ಪ್ರಕಾರವೇ ಮಾಡಿದ್ದೆ. ಕೆಂಪು ಬಲಗಡೆ ಹಳಿಗೆ, ಕಪ್ಪು ಎಡಗಡೆಗೆ, ಕಿತ್ತಳೆ ಮತ್ತು ಬೂದು ಮೋಟಾರಿನ ಎರಡು ಕಡೆಗೆ, ನೀಲಿ ಕಾಮನ್ ಪ್ಲಸ್, ಬಿಳಿ ಮುಂದಿನ ದೀಪ, ಹಳದಿ ಹಿಂದಿನ ದೀಪ. ಬಾಡಿ ಇಲ್ಲದೆ ಇಪ್ಪತ್ತು ನಿಮಿಷ ಓಡಿಸಿದೆ, ಬೆಣ್ಣೆ ಥರ ಓಡ್ತು. ಬಾಡಿ ಕೂರಿಸಿ ಮತ್ತೆ ಹಳಿಗಿಟ್ಟೆ. ಟಪ್ ಅಂತು. ಆಮೇಲೆ ಆ ವಾಸನೆ, ಸುಟ್ಟ ಎಲೆಕ್ಟ್ರಾನಿಕ್ಸ್ ವಾಸನೆ ಗೊತ್ತಲ್ಲ ನಿಮಗೆ.

ಡಿಕೋಡರ್ ಮಾರಿದವರು ವಾಪಸ್ ತಗೊಳ್ಳಲ್ಲ ಅಂತಿದ್ದಾರೆ. ಮಾಲೇ ಕಳಪೆ ಇರಬೇಕು ಅನ್ನೋದು ನನ್ನ ಅನುಮಾನ.

ಹಳೇಡಿಸಿ_ಚಿಕ್ಕಮಗಳೂರು · 9.58

ಡಿಸಿನೇ ಸಾಕು ಸ್ವಾಮಿ. ಎರಡು ವೈರು, ಒಂದು ನಾಬು. ನಲವತ್ತು ವರ್ಷದ ಎಂಜಿನ್ನು ಇವತ್ತಿಗೂ ಓಡ್ತಿದೆ ನಮ್ಮನೇಲಿ. ಹಳಿಗೆ ಕಂಪ್ಯೂಟರ್ ಸೇರಿಸಿದ್ರೆ ಹಿಂಗೇ.

ತೋಟದಮನೆ_ಮೂಡಿಗೆರೆ · 10.15

ಮಾರಿದವರನ್ನ ಬೈಬೇಡಿ ಮಾರಾಯ್ರೆ, ಇಪ್ಪತ್ತು ನಿಮಿಷ ಓಡಿದ ಡಿಕೋಡರ್ ಕಳಪೆ ಹೇಗಾಗುತ್ತೆ? ಅದನ್ನ ನಿಮ್ಮ ಎಂಜಿನ್ನೇ ಕೊಂದಿರೋದು.

ಹಳೇ ಡಿಸಿ ಎಂಜಿನ್ ಕಟ್ಟೋವಾಗ ಕಂಪನಿಯವರು ವೈರ್ ಉಳಿಸೋಕೆ ಚಾಸಿಯನ್ನೇ ಒಂದು ಕಡೆಯ ತಂತಿ ಮಾಡ್ಕೊಳ್ತಿದ್ರು. ಒಂದು ಬದಿಯ ಗಾಲಿಯಿಂದ ಕರೆಂಟು ಚಾಸಿಗೆ, ಚಾಸಿಯಿಂದ ಮೋಟಾರಿನ ಕೆಳಗಡೆ ಬ್ರಶ್ಶಿಗೆ. ಕೆಳಗಡೆ ಹಿತ್ತಾಳೆ ಕ್ಲಿಪ್ ಇರುತ್ತೆ ನೋಡಿ, ಅದು ಚಾಸಿಗೆ ಒತ್ತಿಕೊಂಡೇ ಕೂತಿರುತ್ತೆ. ಡಿಸಿಯಲ್ಲಿ ಅದು ಬೇಕಾದ್ದೇ. ಡಿಕೋಡರ್ ಹಾಕಿದ ಮೇಲೆ ಹಳಿಗೂ ಮೋಟಾರಿಗೂ ನೇರ ಸಂಬಂಧ ಒಂದು ಕೂದಲಷ್ಟೂ ಇರಕೂಡದು. ಹಳಿಯ ಕರೆಂಟು ಡಿಕೋಡರ್ ಒಳಗೆ ಹೋಗಿ, ಅಲ್ಲಿಂದಲೇ ಮೋಟಾರಿಗೆ ಬರಬೇಕು.

ಡಿಕೋಡರ್ ಒಳಗೆ ಮೋಟಾರಿಗೆ ನಾಲ್ಕು ಟ್ರಾನ್ಸಿಸ್ಟರಿನ ಸೇತುವೆ ಇರೋದು. ಮೋಟಾರಿನ ಒಂದು ತುದಿ ಚಾಸಿ ಮೂಲಕ ಹಳಿಗೆ ತಾಗಿದ್ರೆ, ಟ್ರಾನ್ಸಿಸ್ಟರ್ ಆನ್ ಆದ ಕ್ಷಣ ಒಂದು ಹಳಿಯಿಂದ ಇನ್ನೊಂದು ಹಳಿಗೆ ನೇರ ದಾರಿ. ಹಳಿ ಮೇಲೆ ಹದಿನಾಲ್ಕು ಹದಿನೈದು ವೋಲ್ಟು, ಹಿಂದೆ ಎರಡು ಮೂರು ಆಂಪಿಯರ್ ತಳ್ಳೋ ಬೂಸ್ಟರ್. ಬೂಸ್ಟರ್ ಶಾರ್ಟ್ ಅಂತ ಗುರುತಿಸಿ ಕಟ್ ಮಾಡೋದ್ರೊಳಗೆ ಇಲ್ಲಿ ಹೊಗೆ.

ಕೆಳಗಿನ ಕ್ಲಿಪ್ ನೋಡಿದ್ರಾ?

ಹಳಿಮನೆ_ಹಾಸನ · 10.31

ನೋಡಿದ್ದೆ ಸಾರ್. ಕ್ಲಿಪ್ಪಿನ ಮೂಗು ಚಪ್ಪಟೆ ಮಾಡಿ, ಕೆಳಗೆ ಎರಡು ಪದರ ಕ್ಯಾಪ್ಟನ್ ಟೇಪ್ ಹಾಕಿದ್ದೀನಿ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಮೋಟಾರಿನ ಎರಡೂ ತುದಿಯಿಂದ ಎರಡೂ ಬದಿಯ ಗಾಲಿಗೆ ನೋಡಿದೆ. ಬೀಪ್ ಇಲ್ಲ. ಈಗ್ಲೂ ನೋಡ್ದೆ, ಇಲ್ಲ.

ತೋಟದಮನೆ_ಮೂಡಿಗೆರೆ · 10.34

ಕ್ಯಾಪ್ಟನ್ ಅಲ್ಲ, ಕ್ಯಾಪ್ಟಾನ್ 😀 ಟೇಪ್ ಸರಿ ಇದೆ. ಹಾಗಾದ್ರೆ ನನಗೂ ಹೊಳೀತಿಲ್ಲ. ನಾಳೆ ನೋಡೋಣ, ಇಲ್ಲಿ ಕರೆಂಟ್ ಹೋಗೋ ಲಕ್ಷಣ.

ಟಿವಿರಿಪೇರಿ_ಅರಸೀಕೆರೆ · ಸೋಮವಾರ ಬೆಳಗ್ಗೆ 7.05

ರೈಲು ನಂಗೊತ್ತಿಲ್ಲ, ಶಾರ್ಟ್ ಗೊತ್ತು. ಮೂವತ್ತು ವರ್ಷ ಅದನ್ನೇ ಹುಡುಕಿದೀನಿ.

ನೀವು ಬೀಪ್ ನೋಡಿದ್ದು ಬಾಡಿ ಬಿಚ್ಚಿ ತಾನೇ? ಎಂಜಿನ್ ಸತ್ತದ್ದು ಬಾಡಿ ಹಾಕಿ. ಹುಷಾರಾಗಿದ್ದಾಗ ರಕ್ತ ಪರೀಕ್ಷೆ ಮಾಡ್ಸಿ ಜ್ವರ ಇಲ್ಲ ಅಂದಂಗಾಯ್ತು.

ಇಷ್ಟು ಮಾಡಿ. ಸುಟ್ಟ ಡಿಕೋಡರ್ ಪೂರ್ತಿ ಬಿಡಿಸಿ. ಮೋಟಾರಿನ ಎರಡು ವೈರನ್ನ ಉದ್ದ ಮಾಡಿ ಕ್ಯಾಬಿನ್ ಕಿಟಕಿಯಿಂದ ಹೊರಗೆ ತನ್ನಿ. ಬಾಡಿ ಹಾಕಿ, ಸ್ಕ್ರೂ ಪೂರ್ತಿ ಬಿಗೀರಿ. ಈಗ ನೋಡಿ. ಬರೀ ಬೀಪ್ ನಂಬ್ಬೇಡಿ, ಓಮ್ಸ್‌ಗೆ ಇಡಿ. ಮೋಟಾರಿನ ವೈಂಡಿಂಗು ಹತ್ತಿಪ್ಪತ್ತು ಓಮ್ ಇರುತ್ತೆ ಅಷ್ಟೆ. ಒಂದು ತುದಿ ಚಾಸಿಗೆ ತಾಗಿದ್ರೆ ವೈಂಡಿಂಗ್ ಮೂಲಕ ಇನ್ನೊಂದು ತುದಿನೂ ಬೀಪ್ ಅನ್ನುತ್ತೆ. ಎರಡೂ ತಾಗಿವೆ ಅಂತ ದಿನವಿಡೀ ಹುಡುಕ್ತೀರ. ಯಾವ ವೈರು ಸೊನ್ನೆ ಹತ್ರ ತೋರ್ಸುತ್ತೋ ಅವನೇ ಕಳ್ಳ.

ಎಂಜಿನ್ನನ್ನ ಅಲ್ಲಾಡಿಸ್ತಾ ನೋಡಿ, ತಲೆ ಕೆಳಗೂ ಮಾಡಿ ನೋಡಿ.

ಹಳಿಮನೆ_ಹಾಸನ · ಸೋಮವಾರ ಸಂಜೆ 7.20

ಸಾರ್, ನಿಮ್ಮ ಅಂಗಡಿ ಎಲ್ಲಿದೆ ಹೇಳಿ, ಬಂದು ಕಾಲಿಗೆ ಬೀಳ್ತೀನಿ.

ಬಾಡಿ ಹಾಕಿ ಸ್ಕ್ರೂ ಬಿಗಿದೆ. ಬೂದು ವೈರಿನಿಂದ ಎಡಗಡೆ ಗಾಲಿಗೆ 14 ಓಮ್. ಕಿತ್ತಳೆ ವೈರಿನಿಂದ ಅದೇ ಗಾಲಿಗೆ 0.4. ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿದ್ರೆ ಎರಡೂ ಇಲ್ಲ!

ಬಾಡಿ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಹಿಂದಿನ ಮಾಲೀಕರು ಯಾರೋ ಎಳೆಯೋ ಶಕ್ತಿ ಹೆಚ್ಚಲಿ ಅಂತ ಚಾವಣಿ ಒಳಗೆ ಉದ್ದಕ್ಕೆ ಒಂದು ಸೀಸದ ಪಟ್ಟಿ ಅಂಟಿಸಿದ್ದಾರೆ, ಕಪ್ಪು ಬಣ್ಣ ಬಳಿದು. ಅದರ ಹಿಂದಿನ ತುದಿ ಚಾಸಿಯ ಕಂಬದ ಮೇಲೆ ಕೂರುತ್ತೆ. ನಡುವೆ, ಮೋಟಾರಿನ ನೇರ ಮೇಲೆ, ಬಣ್ಣ ಕೆರೆದು ಒಂದು ಎಳ್ಳಿನಷ್ಟು ಜಾಗ ಬೆಳ್ಳಗೆ ಹೊಳೀತಿದೆ. ಬ್ರಶ್ಶಿನ *ಮೇಲಿನ* ಕ್ಲಿಪ್ಪಿನ ಬೆನ್ನು ಸರಿಯಾಗಿ ಅಲ್ಲಿಗೇ ಬರುತ್ತೆ. ನಾನು ಕೆಳಗಿನ ಕ್ಲಿಪ್ಪಿಗೆ ಎರಡು ಪದರ ಟೇಪ್ ಹಾಕಿ ಮೀಸೆ ತಿರುವಿಕೊಂಡಿದ್ದೆ.

ಮಾರಿದವರಿಗೆ ಮೆಸೇಜ್ ಮಾಡಿ ತಪ್ಪು ನನ್ನದೇ ಅಂದೆ.

ಟಿವಿರಿಪೇರಿ_ಅರಸೀಕೆರೆ · 7.41

ಕಾಲಿಗೆ ಬೀಳ್ಬೇಡಿ. ಸೀಸದ ಪಟ್ಟಿಗೆ ಟೇಪ್ ಹಾಕಿದ್ರೆ ಸಾಲ್ದು, ಒತ್ತಡಕ್ಕೆ ಹರಿಯುತ್ತೆ. ಆ ಜಾಗದಲ್ಲಿ ಒಂದು ಮಿಲಿಮೀಟರ್ ಕೆರೆದು ತೆಗೀರಿ, ಆಮೇಲೆ ಟೇಪ್. ಸೀಸದ ಪುಡಿ ಕೈಗಾದ್ರೆ ಸೋಪ್ ಹಾಕಿ ತೊಳೀರಿ, ಅದೇ ಕೈಲಿ ಚಕ್ಕುಲಿ ತಿನ್ಬೇಡಿ.

ತೋಟದಮನೆ_ಮೂಡಿಗೆರೆ · 8.10

ಇನ್ನೊಂದು ಡಿಕೋಡರ್ ತರಿಸೋ ಮುಂಚೆ ಸ್ಟಾಲ್ ಕರೆಂಟ್ ಅಳೀರಿ. ಹಳೇ ಮೋಟಾರು ಕುಡಿಯೋದು ಜಾಸ್ತಿ. 12 ವೋಲ್ಟ್ ಡಿಸಿ ಕೊಟ್ಟು, ಮೀಟರನ್ನ ಸಾಲಲ್ಲಿ ಸೇರಿಸಿ, ಓಡ್ತಿರೋವಾಗ ಫ್ಲೈವೀಲನ್ನ ಬೆರಳಲ್ಲಿ ಒಂದೇ ಸೆಕೆಂಡ್ ಹಿಡಿದು ನಿಲ್ಲಿಸಿ. ಆಗ ಎಷ್ಟು ಆಂಪಿಯರ್ ಬರುತ್ತೋ ಅದನ್ನ ತಡೆಯೋ ಡಿಕೋಡರ್ ಬೇಕು. ಮೀಟರಿನ ಕೆಂಪು ಕಡ್ಡಿ 10 ಆಂಪಿಯರ್ ತೂತಲ್ಲಿರಲಿ.

ಆಮೇಲೆ ಆ ಕಡ್ಡೀನ ವಾಪಸ್ ವೋಲ್ಟೇಜ್ ತೂತಿಗೆ ಹಾಕೋದು ಮರೀಬೇಡಿ. ನಾನು ಮರೆತು, ಮಾರನೇ ದಿನ ಪಂಪ್ ಶೆಡ್ಡಲ್ಲಿ ಬ್ಯಾಟರಿ ವೋಲ್ಟ್ ನೋಡೋಕೆ ಹೋದೆ. ಕಡ್ಡಿ ತುದಿ ಈಗ ಅರ್ಧ ಇಂಚು ಗಿಡ್ಡ.

ಇಸಿ_ಹುಡುಗ · 8.32

ಅಣ್ಣಾ, ನಾನು ಹಾಸನದಲ್ಲೇ ಓದ್ತಿರೋದು. ಹಳಿಗೆ ಆದೇಶ ಕಳಿಸೋ ನಿಮ್ಮ ಕಮಾಂಡ್ ಸ್ಟೇಷನ್ ಯಾವ್ದು? ಮತ್ತೆ ಒಂದು ಡೌಟು, ಡಿಕೋಡರ್ ಹಾಕಿದ ತಕ್ಷಣ ಮೇನ್ ಲೈನಿಗೇ ಇಟ್ರಾ?

ಹಳಿಮನೆ_ಹಾಸನ · 8.40

ಆರ್ಡುಯಿನೋ ಮೆಗಾ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ಮೇಲೆ ಹಳಿಗೆ ಕರೆಂಟು ಕೊಡೋ ಮೋಟಾರ್ ಶೀಲ್ಡ್, ಡಿಸಿಸಿ-ಇಎಕ್ಸ್ ಸಾಫ್ಟ್‌ವೇರ್. ಹೂಂ, ಮೇನ್ ಲೈನಿಗೇ ಇಟ್ಟೆ. ತಪ್ಪಾ?

ಇಸಿ_ಹುಡುಗ · 9.05

ಅದೇ ತಪ್ಪಾಗಿದ್ದು ಅಣ್ಣಾ. ಶೀಲ್ಡಲ್ಲಿ ಎರಡು ಔಟ್‌ಪುಟ್ ಇದ್ಯಲ್ಲ, ಒಂದು ಮೇನ್, ಒಂದು ಪ್ರೋಗ್ರಾಮಿಂಗ್ ಟ್ರ್ಯಾಕ್. ಪ್ರೋಗ್ರಾಮಿಂಗ್ ಟ್ರ್ಯಾಕಲ್ಲಿ ಕರೆಂಟಿಗೆ ಕಡಿವಾಣ ಇರುತ್ತೆ. ವೈರಿಂಗ್ ತಪ್ಪಿದ್ರೂ ಸಾಮಾನ್ಯವಾಗಿ ಡಿಕೋಡರ್ ಉಳಿಯುತ್ತೆ. ಮೊದಲು ಅಲ್ಲಿಟ್ಟು ಸಿವಿ 8 ಓದಬೇಕು. ಸಿವಿ ಅಂದ್ರೆ ಡಿಕೋಡರ್ ನೆನಪಿಟ್ಕೊಳ್ಳೋ ಸೆಟ್ಟಿಂಗು, 8ರಲ್ಲಿರೋದು ತಯಾರಕರ ಗುರುತಿನ ಸಂಖ್ಯೆ. ಸರಿಯಾಗಿ ಓದಿದ್ರೆ ಮಾತ್ರ ಮೇನ್‌ಗೆ.

ಇದು ಬರೀ ಅಡ್ಡಗೋಡೆ ಅಲ್ಲ, ಪರೀಕ್ಷೆನೂ ಹೌದು. ಓದೋವಾಗ ಡಿಕೋಡರ್ ಉತ್ತರ ಹೇಳೋದು ಹೆಂಗೆ ಗೊತ್ತಾ? ಅದಕ್ಕೆ ಬಾಯಿಲ್ಲ. ಸ್ಟೇಷನ್ನು "ನಿನ್ನ ಸಂಖ್ಯೆ ಇದಾ?" ಅಂತ ಕೇಳ್ತಾ ಹೋಗುತ್ತೆ, ಹೌದು ಅನ್ನೋಕೆ ಡಿಕೋಡರ್ ಮೋಟಾರನ್ನ ಒಂದು ಚೂರು ಮಿಡಿಸುತ್ತೆ. 60 ಮಿಲಿಆಂಪಿಯರ್, 6 ಮಿಲಿಸೆಕೆಂಡ್. ಕೂತು ನೋಡಿದ್ರೆ ಎಂಜಿನ್ನು ಸಣ್ಣಗೆ ಟಿಕ್ ಟಿಕ್ ಅಂತ ಅದುರೋದು ಕಾಣುತ್ತೆ. ಸೋ ಸಿವಿ ಓದೋಕೆ ಬಂತು ಅಂದ್ರೆ ಹಳಿಗೂ ಮೋಟಾರಿಗೂ ವೈರು ಕೂಡಿದೆ ಅಂತ.

ಶೀಲ್ಡಿಗೆ 12 ವೋಲ್ಟಿಗಿಂತ ಜಾಸ್ತಿ ಕೊಡ್ತಿದ್ರೆ ಹಿಂಬದಿಯ ವಿನ್-ಕನೆಕ್ಟ್ ಗೀಟು ಕತ್ತರಿಸಿದ್ದೀರಾ? ಇಲ್ಲಾಂದ್ರೆ ಆ ವೋಲ್ಟೇಜು ಕೆಳಗಿನ ಆರ್ಡುಯಿನೋಗೂ ಇಳಿಯುತ್ತೆ.

ಹಳಿಮನೆ_ಹಾಸನ · 9.11

ಕತ್ತರಿಸಿದ್ದೀನಪ್ಪಾ. ಅದೊಂದು ಸರಿ ಮಾಡಿದ್ದೆ.

ಹಳೇಡಿಸಿ_ಚಿಕ್ಕಮಗಳೂರು · 9.30

ಎಳ್ಳು ಕಾಳಿನ ಕಥೆ ಚೆನ್ನಾಗಿತ್ತು. ಆದ್ರೂ ಕೇಳ್ತೀನಿ. ನಮ್ಮೂರಲ್ಲಿ ಜುಲೈ ತಿಂಗಳು ಚಪ್ಪಲಿಗೂ ಬೂಷ್ಟು ಬರುತ್ತೆ. ಹಳಿ ಒಂದೇ ವಾರಕ್ಕೆ ಕಪ್ಪು. ಡಿಸಿಯಲ್ಲಿ ಕೊಳೆ ಸಿಕ್ಕಿದ್ರೆ ಎಂಜಿನ್ ಒಂದು ಸಲ ಮುಗ್ಗರಿಸಿ ಮುಂದೆ ಹೋಗುತ್ತೆ. ಡಿಕೋಡರ್ ಆದ್ರೆ ಅಲ್ಲೇ ಪ್ರಜ್ಞೆ ತಪ್ಪಿ, ಎದ್ದು, ನಾನೆಲ್ಲಿದ್ದೀನಿ ಅಂತ ಕೇಳುತ್ತೆ. ಸುಳ್ಳಾ?

ತೋಟದಮನೆ_ಮೂಡಿಗೆರೆ · 9.52

ಸುಳ್ಳಲ್ಲ. ನಮ್ಮನೇಲಿ ಮಳೆ ಇನ್ನೂ ಜಾಸ್ತಿ. ಐಸೊಪ್ರೊಪೈಲ್ ಆಲ್ಕೋಹಾಲು, ಹಳೇ ಬನಿಯನ್ ಬಟ್ಟೆ, ವಾರಕ್ಕೊಮ್ಮೆ ಹಳಿಗೂ ಗಾಲಿಗೂ. ಉಪ್ಪುಕಾಗದ ಮುಟ್ಟಿಸಲೇಬೇಡಿ, ಗೀರು ಬಿದ್ದಲ್ಲೆಲ್ಲಾ ಕೊಳೆ ಮನೆ ಮಾಡುತ್ತೆ. ಇನ್ನೊಂದು, ಆರೂ ಆಕ್ಸಲಿನಿಂದ ಕರೆಂಟು ಬರೋ ಹಾಗಿರಬೇಕು. ಹಳೇ ಎಂಜಿನ್ನುಗಳಲ್ಲಿ ಎಷ್ಟೋ ಸಲ ಅರ್ಧ ಗಾಲಿಗಳು ಸುಮ್ಮನೆ ಉರುಳ್ತಿರ್ತವೆ. ಇಷ್ಟಾದ ಮೇಲೂ ಮುಗ್ಗರಿಸಿದ್ರೆ ಡಿಕೋಡರಿಗೆ ಒಂದು ಕೀಪ್-ಅಲೈವ್ ಕೆಪಾಸಿಟರ್, ಅರ್ಧ ಸೆಕೆಂಡ್ ಉಸಿರು ಹಿಡಿಯೋಕೆ. ಅದಕ್ಕೆ ಜಾಗ ಇರೋ ಡಿಕೋಡರ್ ನೋಡಿ ತಗೋಬೇಕು.

ನಿಮ್ಮ ನಲವತ್ತು ವರ್ಷದ ಎಂಜಿನ್ನಿಗೆ ನಾನು ಕೈ ಮುಗೀತೀನಿ, ಅದನ್ನ ಬಿಚ್ಚಿ ಅಂತ ಯಾರೂ ಹೇಳ್ತಿಲ್ಲ.

ಹಳಿಮನೆ_ಹಾಸನ · ಎರಡು ವಾರ ಬಿಟ್ಟು, ಶನಿವಾರ ಮಧ್ಯಾಹ್ನ 3.15

ಹೊಸ ಡಿಕೋಡರ್ ಬಂತು. ಸ್ಟಾಲ್ ಕರೆಂಟ್ ಮೊದಲ ಸಲ 1.6 ಬಂದಿತ್ತು. ಗೇರ್ ಬಾಕ್ಸಿನ ಗ್ರೀಸ್ ಹಲಸಿನ ಮೇಣದ ಥರ ಆಗಿತ್ತು, ಕಮ್ಯುಟೇಟರಿನ ಸಂದೀಲಿ ಕಾರ್ಬನ್ ಮಸಿ. ಎಲ್ಲಾ ತೊಳೆದು ನೋಡಿದ್ರೆ 1.2. ಒಂದೂವರೆ ಆಂಪಿಯರಿನದ್ದು ತಗೊಂಡೆ. ಸೀಸ ಕೆರೆದೆ, ಟೇಪ್ ಹಾಕಿದೆ, ಬಾಡಿ ಹಾಕಿ ಅಲ್ಲಾಡಿಸಿ ನೋಡಿದೆ. ಎಲ್ಲೂ ತಾಗ್ತಿಲ್ಲ.

ಡಿಕೋಡರ್ ಕೂರಿಸಿ ಪ್ರೋಗ್ರಾಮಿಂಗ್ ಟ್ರ್ಯಾಕಲ್ಲಿ ಸಿವಿ 8 ಓದಿದ್ರೆ ಉತ್ತರ -1. ಹತ್ತು ಸಲ ಓದಿದ್ರೂ -1. ಹೊಗೆ ಇಲ್ಲ, ವಾಸನೆ ಇಲ್ಲ. ಎದೆ ಡವಡವ.

ಇಸಿ_ಹುಡುಗ · 3.22

-1 ಅಂದ್ರೆ ಉತ್ತರ ಬಂದಿಲ್ಲ ಅಂತ ಅಷ್ಟೇ. ಟಿಕ್ ಟಿಕ್ ಅದುರ್ತಿದ್ಯಾ?

ಹಳಿಮನೆ_ಹಾಸನ · 3.25

ಇಲ್ಲ. ಕಲ್ಲು.

ಇಸಿ_ಹುಡುಗ · 3.26

ಮೋಟಾರ್ ವೈರು ಎಲ್ಲೋ ಬಿಟ್ಟಿದೆ. ಇಲ್ಲಾ ಗಾಲಿ ಕೊಳೆ. ವೈರು ಯಾವುದು ಹಾಕಿದ್ರಿ?

ಹಳಿಮನೆ_ಹಾಸನ · 3.31

ಬೂದು ವೈರು ಗಿಡ್ಡ ಆಯ್ತು ಅಂತ ಹಳೇ ಇಯರ್‌ಫೋನ್ ವೈರ್ ತುಂಡು ಸೇರಿಸಿದ್ದೆ. ತೆಳ್ಳಗಿತ್ತು, ಚೆನ್ನಾಗಿ ಬಾಗ್ತಿತ್ತು.

ಟಿವಿರಿಪೇರಿ_ಅರಸೀಕೆರೆ · 3.50

ಅಯ್ಯೋ ರಾಮ. ಇಯರ್‌ಫೋನ್ ವೈರಿನ ಎಳೆಗಳ ಮೇಲೆ ಎನಾಮಲ್ ಲೇಪ ಇರುತ್ತೆ, ಕೆಂಪು ಹಸಿರು ಬಣ್ಣದ್ದು. ಅದು ಸುಟ್ಟು ಹೋಗೋವರೆಗೂ ಬೆಸುಗೆ ಲೆಡ್ಡು ಹಿಡಿಯಲ್ಲ, ಸುಮ್ನೆ ಮೇಲೆ ಮುದ್ದೆ ಕೂತಿರುತ್ತೆ. ನೋಡೋಕೆ ಬೆಸುಗೆ, ಒಳಗೆ ಡ್ರೈ ಸೋಲ್ಡರ್. ಕಂಪ್ಯೂಟರ್ ರಿಪೇರಿ ಅಂಗಡೀಲಿ ಹಳೇ ಹಾರ್ಡ್ ಡಿಸ್ಕಿನ ಪಟ್ಟಿ ಕೇಬಲ್ ಕೇಳಿ, ಬಿಟ್ಟಿ ಕೊಡ್ತಾರೆ. ಅದರಿಂದ ಒಂದು ಎಳೆ ಸೀಳ್ಕೊಳ್ಳಿ. ತುದಿಗೆ ಮೊದಲು ಫ್ಲಕ್ಸು, ಲೆಡ್ಡು ಹಿಡಿಸಿ, ಆ ಕಡೆದಕ್ಕೂ ಹಿಡಿಸಿ, ಎರಡನ್ನೂ ತಾಗಿಸಿ ಐರನ್ ಒಂದು ಸೆಕೆಂಡ್. ಹೀಟ್ ಶ್ರಿಂಕ್ ಟ್ಯೂಬನ್ನ ಬೆಸುಗೆಗೆ *ಮುಂಚೆ* ವೈರಿಗೆ ತೂರಿಸಿರಬೇಕು. ಇದನ್ನ ಮರೀದಿರೋ ಮನುಷ್ಯನ್ನ ನಾನಿನ್ನೂ ನೋಡಿಲ್ಲ.

ಹಳಿಮನೆ_ಹಾಸನ · 6.45

ಟ್ಯೂಬ್ ಹಾಕೋದು ಮರೆತೆ, ಬಿಚ್ಚಿ ಮತ್ತೆ ಹಾಕಿದೆ.

ಟಿಕ್ ಟಿಕ್ ಟಿಕ್! ಸಿವಿ 8 ಓದ್ತು! ಸಿವಿ 1 ಕೇಳಿದ್ರೆ 3 ಅಂತು, ಕಾರ್ಖಾನೆಯಿಂದ ಬರೋ ಮಾಮೂಲಿ ನಂಬರು. ಬಾಡಿ ಹಾಕಿ ಇನ್ನೊಂದು ಸಲ ಓದಿಸಿ, ದೇವರಿಗೆ ಕೈ ಮುಗಿದು ಮೇನ್‌ಗಿಟ್ಟೆ. ಓಡ್ತು.

ಆದ್ರೆ ಮುಂದೆ ಅಂದ್ರೆ ಹಿಂದೆ ಹೋಗ್ತಿದೆ. ಸಿವಿ 29ರಲ್ಲಿ 6 ಇತ್ತು, 7 ಮಾಡಿದೆ. ಈಗ ದಿಕ್ಕು ಸರಿ, ದೀಪ ಉಲ್ಟಾ.

ತೋಟದಮನೆ_ಮೂಡಿಗೆರೆ · 7.02

ಮತ್ತೆ 6 ಮಾಡಿ. ಸಿವಿ 29ರಲ್ಲಿ ನೀವು ಸೇರಿಸಿದ ಆ 1 ಮೋಟಾರು ದೀಪ ಎರಡನ್ನೂ ಒಟ್ಟಿಗೆ ತಿರುಗಿಸುತ್ತೆ. ಎರಡೂ ಉಲ್ಟಾ ಇದ್ರೆ ಅದು ಮದ್ದು. ನಿಮಗೆ ಮೋಟಾರ್ ಮಾತ್ರ ಉಲ್ಟಾ ಇದ್ದದ್ದು, ಅಂದ್ರೆ ಕಿತ್ತಳೆ ಬೂದು ಅದಲು ಬದಲಾಗಿದೆ. ಎರಡು ವೈರ್ ಬದಲಿಸಿ, ಮುಗೀತು.

ದೀಪಕ್ಕೆ ರೆಸಿಸ್ಟರ್ ಹಾಕಿದ್ದೀರಲ್ಲ? ನೀಲಿಯಿಂದ ಎಲ್‌ಇಡಿ ಪ್ಲಸ್, ಮೈನಸ್‌ನಿಂದ 1 ಕಿಲೋಓಮ್, ಅಲ್ಲಿಂದ ಬಿಳಿ. ಹದಿನಾಲ್ಕು ವೋಲ್ಟಲ್ಲಿ ಎಲ್‌ಇಡಿ ಮೂರು ತಿಂದ್ರೆ ಉಳಿದ ಹನ್ನೊಂದಕ್ಕೆ ಹನ್ನೊಂದು ಮಿಲಿಆಂಪಿಯರ್. ಕಣ್ಣು ಕುಕ್ಕಿದ್ರೆ 2.2 ಕಿಲೋಓಮ್ ಹಾಕಿ.

ಘಾಟಿಬ್ಯಾಂಕರ್_ಸಕಲೇಶಪುರ · ಭಾನುವಾರ ಬೆಳಗ್ಗೆ 6.10

ಮೊದಲಿನಿಂದ ಓದ್ತಾ ಬಂದೆ. ರಿಟೈರ್ಡ್ ಲೋಕೋ ಪೈಲಟ್ ನಾನು. ನಿಮ್ಮ ವೈರು ವಿಷಯ ನನಗೆ ತಿಳಿಯಲ್ಲ, ಆದ್ರೆ ಬ್ಯಾಂಕರ್ ಅಂದಿರಲ್ಲ, ಅದಕ್ಕೆ ಒಂದು ಮಾತು.

ಹಿಂದಿನ ಎಂಜಿನ್ನು ಮುಂದಿನದಕ್ಕಿಂತ ಜೋರು ಹೋಗಕೂಡದು. ಹಿಂದಿನವನು ಆತುರ ಬಿದ್ದು ತಳ್ಳಿದರೆ ತಿರುವಿನಲ್ಲಿ ಮಧ್ಯದ ಖಾಲಿ ವ್ಯಾಗನ್ ಹಳಿ ಬಿಟ್ಟು ಎದ್ದು ನಿಲ್ಲುತ್ತೆ. ಘಾಟಿಯಲ್ಲಿ ಭಾರದ ಗಾಡಿ ನಡಿಗೆಯ ಹಾಗೆ ಹೋಗಬೇಕು. ನಿಮ್ಮ ಮಕ್ಕಳಾಟದ ರೈಲೆಲ್ಲಾ ಯಾಕೆ ಬಸ್ಸಿನ ಥರ ಓಡ್ತವೆ?

ಇಸಿ_ಹುಡುಗ · 8.40

ಸಾರ್ ಸರಿಯಾಗಿ ಹೇಳಿದ್ರು. ಅಣ್ಣಾ, ಲೆಕ್ಕ ಹಾಕಿದೆ: ಗಂಟೆಗೆ 30 ಕಿ.ಮೀ. ಅಂತಿಟ್ಕೊಂಡ್ರೆ 87ರಿಂದ ಭಾಗಿಸಿ ಸೆಕೆಂಡಿಗೆ 9.6 ಸೆಂಟಿಮೀಟರ್. ಒಂದು ಮೀಟರ್ ಹಳಿ ದಾಟೋಕೆ ಹತ್ತೂವರೆ ಸೆಕೆಂಡು.

ಎರಡೂ ಎಂಜಿನ್ನನ್ನ ಒಂದೊಂದೇ ಓಡಿಸಿ ಸ್ಟಾಪ್‌ವಾಚಲ್ಲಿ ನೋಡಿ. ಸಿವಿ 2 ಹೊರಡೋ ವೋಲ್ಟೇಜು, 5 ಗರಿಷ್ಠ, 6 ನಡುವಿನದು. ಜೋರು ಓಡೋದನ್ನ ನಿಧಾನದ್ದಕ್ಕೆ ತಗ್ಗಿಸಬೇಕು, ಉಲ್ಟಾ ಆಗಲ್ಲ. ಹೊಂದಾಣಿಕೆ ಆಗೋವರೆಗೂ ಸಿವಿ 3, 4 ಸೊನ್ನೆ ಇರಲಿ, ಇಲ್ಲಾಂದ್ರೆ ವೇಗ ಏರೋದಕ್ಕೇ ಟೈಮ್ ತಗೊಂಡು ಲೆಕ್ಕ ತಪ್ಪುತ್ತೆ. ಆಮೇಲೆ ಎರಡಕ್ಕೂ ಸಿವಿ 19ರಲ್ಲಿ ಒಂದೇ ನಂಬರು, ಆಗ ಎರಡೂ ಒಂದೇ ಆದೇಶಕ್ಕೆ ಓಡ್ತವೆ. ಹಿಂದಿನ ಎಂಜಿನ್ನು ಮುಖ ಹಿಂದಕ್ಕೆ ಮಾಡಿ ನಿಂತಿದ್ರೆ ಆ ನಂಬರಿಗೆ 128 ಸೇರಿಸಿ. ಮೇಲೆ ಹೋಗಿ ಕಳಚೋವಾಗ ಸಿವಿ 19 ಸೊನ್ನೆ ಮಾಡಿದ್ರೆ ಅದು ಮತ್ತೆ ಸ್ವತಂತ್ರ.

ಹಳಿಮನೆ_ಹಾಸನ · ಭಾನುವಾರ ರಾತ್ರಿ 10.20

ಬೆಳಗ್ಗಿಂದ ಇದೇ ಕೆಲಸ. ಮುಂದಿನದು ಮೀಟರಿಗೆ 11 ಸೆಕೆಂಡ್, ಬ್ಯಾಂಕರ್ 8. ಘಾಟಿ ಸಾರ್ ಹೇಳಿದ ಹಾಗೇ ಆಯ್ತು: ಎರಡನೇ ತಿರುವಲ್ಲಿ ಖಾಲಿ ವ್ಯಾಗನ್ ಎದ್ದು ನಿಂತು ಪಕ್ಕದ ಕಣಿವೆಗೆ, ಅಂದ್ರೆ ನೆಲಕ್ಕೆ, ಬಿತ್ತು. ಸಿವಿ 5, 6 ತಗ್ಗಿಸ್ತಾ ತಗ್ಗಿಸ್ತಾ ಮಧ್ಯಾಹ್ನ ಎರಡೂ 11ಕ್ಕೆ ಬಂದ್ವು. ಬ್ಯಾಂಕರ್ ಅರ್ಧ ಸೆಕೆಂಡ್ ಸೋಮಾರಿ ಇರಲಿ ಅಂತ ಬಿಟ್ಟೆ.

ಸಂಜೆ ಹನ್ನೆರಡು ವ್ಯಾಗನ್ ಕಟ್ಟಿ ಹತ್ತಿಸಿದೆ. ಮೇಲೆ ಹೋಗಿ ಬ್ಯಾಂಕರ್ ಕಳಚಿ, ಅದೊಂದೇ ದೀಪ ಹಾಕ್ಕೊಂಡು ಥರ್ಮೋಕೋಲ್ ಸುರಂಗದೊಳಗೆ ಇಳಿದು ಬಂತು. ಗೂಡ್ಸು ಮೇಲೆ ನಿಂತೇ ಇತ್ತು. ಮನೆಯವರೂ ಬಂದು ನೋಡಿದ್ರು. "ಇದಕ್ಕೇನಾ ಆ ಸಾಲ" ಅಂದ್ರು. ವಿಡಿಯೋ ಹಾಕಿದ್ದೀನಿ.

ಘಾಟಿಬ್ಯಾಂಕರ್_ಸಕಲೇಶಪುರ · 10.34

ವಿಡಿಯೋ ನೋಡಿದೆ. ವೇಗ ಸರಿ ಇದೆ. ಐದನೇ ವ್ಯಾಗನ್ ಮೇಲೆ ಹಸಿರು ಬಣ್ಣದ್ದು ಅದೇನು ಲೋಡು?

ಹಳಿಮನೆ_ಹಾಸನ · 10.36

ಸುಟ್ಟ ಡಿಕೋಡರ್ ಸಾರ್. ಟ್ರಾನ್ಸ್‌ಫಾರ್ಮರ್ ಅಂತ ದಾರ ಕಟ್ಟಿ ಲೋಡ್ ಮಾಡಿದ್ದೀನಿ.